ಕಾಣದಿದ್ದರೆ ಸುಮ್ಮನಿರಿ

ಕಣ್ಣಿನ ನರ ಒಣಗುತ್ತಾ ಹೋಗುವ ಗ್ಲಾಕೋಮಾ ರೋಗ ಇರುವವರಿಗೆ ಮಾಡುವ, ಸುತ್ತಲಿನ ನೋಟವನ್ನು ಅಳೆಯುವ ಫೀಲ್ಡ್ ಟೆಸ್ಟಿನ ಬಗ್ಗೆ ಬಹಳ ಮಂದಿಗೆ ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಆ ಮಷೀನು ತೋರಿಸುವ ಬೆಳಕಿನ ಚುಕ್ಕಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಳ್ಳೆಯ ಕಣ್ಣಿನವರಿಗೂ ಕಾಣುವುದಿಲ್ಲ. ಕಾಣಬಾರದೆಂದೇ ಅವನ್ನು ಅಷ್ಟು ಮಂದ ಮಾಡಿರುತ್ತಾರೆ. ಕಣ್ಣಿನ ಒಂದೊಂದು ಜಾಗವೂ ಎಷ್ಟು ಮಂದ ಬೆಳಕಿನವರೆಗೆ ಗುರುತು ಹಿಡಿಯಬಲ್ಲದು ಎನ್ನುವುದು ತಿಳಿಯಬೇಕು. ಅದಕ್ಕಾಗಿ ಮಷೀನು, ಕಂಡರೆ ಮುಂದಿನ ಸಲ ಬೆಳಕನ್ನು ತಗ್ಗಿಸುತ್ತದೆ, ಕಾಣದಿದ್ದರೆ ಏರಿಸುತ್ತದೆ. ಹೀಗೆ ಏರಿಳಿಯುತ್ತಾ ಕಂಡೂ ಕಾಣದಂತಿರುವ ಒಂದು ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ಎರಡು ಸಲ ತೋರಿಸಿದರೆ ಒಂದು ಸಲ ಕಾಣುತ್ತದೆ, ಒಂದು ಸಲ ಇಲ್ಲ. ಆ ಅಂಚನ್ನೇ ಅಳತೆ ಎಂದು ಬರೆದುಕೊಳ್ಳುತ್ತಾರೆ.

ಇದು ಗೊತ್ತಿಲ್ಲದೆ ಆ ಕುರ್ಚಿಯಲ್ಲಿ ಕೂತವರ ಪಾಡೇ ಬೇರೆ. ಶಾಂತಿಗ್ರಾಮ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹಾಸನಕ್ಕೆ ಬರುವ ವಯಸ್ಸಾದವರು, ಕಾಣದೆ ಹೋದ ಒಂದೊಂದು ಚುಕ್ಕಿಯೂ ತಮ್ಮ ಕಣ್ಣು ಹೋಗಿರುವುದಕ್ಕೆ ಸಾಕ್ಷಿ ಎಂದುಕೊಂಡೇ ಕೂತಿರುತ್ತಾರೆ. ಕತ್ತಲೆ ಕೋಣೆ, ಒಂದು ಕಣ್ಣಿಗೆ ಅಂಟಿಸಿದ ಪಟ್ಟಿ, ಕೈಯಲ್ಲೊಂದು ಬಟನ್. ನಾಲ್ಕಾರು ಸೆಕೆಂಡು ಏನೂ ಕಾಣದೆ ಹೋದರೆ ಎದೆ ಹೊಡೆದುಕೊಳ್ಳುತ್ತದೆ, ಬೆರಳು ತಾನಾಗಿ ಒತ್ತಿಬಿಡುತ್ತದೆ. ಫೀಲ್ಡ್ ಟೆಸ್ಟನ್ನು ಸುಧಾರಿಸುವ ಮಾತು ಬಂದಾಗಲೆಲ್ಲ ಹೊಸ ಮಷೀನಿನ ಸುದ್ದಿಯೇ ಮೊದಲು ಬರುತ್ತದೆ. ಹೊಸ ಮಷೀನು ಬೇಕು, ನಿಜ. ಆದರೆ ನಮ್ಮ ಮನೆಯಲ್ಲಿ ನಾನು ಕಂಡದ್ದರಿಂದ ನನಗೆ ಖಾತ್ರಿಯಾಗಿರುವುದು ಇಷ್ಟು: ಆ ಕುರ್ಚಿಯಲ್ಲಿ ಕೂರಿಸುವ ಮುಂಚೆ ಏನು ಹೇಳುತ್ತೇವೆ, ಎಷ್ಟು ಹೊತ್ತು ಹೇಳುತ್ತೇವೆ ಎಂಬುದು ಸರಿಯಾಗದೆ ಯಾವ ಮಷೀನೂ ನಿಜ ಹೇಳುವುದಿಲ್ಲ.

ನಮ್ಮವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಊರು ಶಾಂತಿಗ್ರಾಮ. ಹೊಯ್ಸಳರ ರಾಣಿ ಶಾಂತಲೆಯ ಹೆಸರಿನ ಊರಾದರೂ, ಈಗ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಟೋಲ್ ಕಟ್ಟುವ ಜಾಗವಾಗಿಯೇ ಹೆಚ್ಚು ಪರಿಚಯ. ಅವ್ವ ಕಣ್ಣು ತೋರಿಸಲು ಹೋದದ್ದು ಕನ್ನಡಕದ ನಂಬರಿಗಾಗಿ. ಡಾಕ್ಟರು ಕಣ್ಣಿನ ಒಳಗಿನ ನರವನ್ನು ನೋಡಿ, ನರದ ನಡುವಿನ ಕುಳಿ ಅಗಲವಾಗಿದೆ, ಫೀಲ್ಡ್ ಟೆಸ್ಟ್ ಮಾಡಿಸಿ ಎಂದರು. ಕಣ್ಣಿನ ಒತ್ತಡ ಅಂದು ಅಂಥ ಹೆಚ್ಚೇನೂ ಇರಲಿಲ್ಲ. ಒತ್ತಡ ಒಂದನ್ನೇ ಅಳೆದು ಕಳಿಸಿದ್ದರೆ ಅವ್ವ ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಬಂದಿರುತ್ತಿದ್ದಳು. ಒಂದು ಸಲದ ಅಳತೆಯಲ್ಲಿ ಒತ್ತಡ ಸರಿಯಾಗಿದ್ದೂ ಗ್ಲಾಕೋಮಾ ಇರುವವರು ನಮ್ಮ ದೇಶದಲ್ಲಿ ತುಂಬಾ ಜನ.

ಮೊದಲ ಟೆಸ್ಟಿನ ದಿನ ಹೊರಗೆ ಬೆಂಚಿನ ತುಂಬಾ ಜನ. ಒಳಗೆ ಕರೆದು, ಗದ್ದ ಇಡಿಸಿ, "ಲೈಟ್ ಕಂಡ್ರೆ ಬಟನ್ ಒತ್ತಿ ಅಜ್ಜಿ, ಕಣ್ಣು ಅಲ್ಲಾಡಿಸ್ಬೇಡಿ" ಎಂದರು. ಸೂಚನೆ ಅಷ್ಟೇ. ಮುಗಿದ ಮೇಲೆ ಬಂದ ಕಾಗದದಲ್ಲಿ ಬೂದು ಬಣ್ಣ ಇರಬೇಕಾದ ಕಡೆಯೆಲ್ಲ ಅಚ್ಚ ಬಿಳಿ. ಅವ್ವನ ವಯಸ್ಸಿನ ಯಾವ ಕಣ್ಣಿಗೂ ಕಾಣಲಾಗದಷ್ಟು ಮಂದ ಬೆಳಕು ಅವಳಿಗೆ ಕಂಡಿದೆ ಎಂದು ಆ ಬಿಳಿಯ ಅರ್ಥ. ಡಾಕ್ಟರು ಕಾಗದದ ಮೂಲೆಯ ಅಂಕಿ ನೋಡಿ, "ಇದು ನಂಬೋ ಹಾಗಿಲ್ಲ, ಇನ್ನೊಂದ್ಸಲ ಮಾಡಿಸ್ಬೇಕು" ಎಂದು ಫೈಲು ಮುಚ್ಚಿದರು.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಖುಷಿಯಾಗಿದ್ದಳು. "ಒಂದ್ನೂ ಬುಡ್ಲಿಲ್ಲ ಕಣ್ ಮಗ, ಎಲ್ಲಾದ್ಕೂ ಒತ್ತ್‌ದೆ" ಎಂದಳು. ಕಾಣದಿದ್ದಾಗಲೂ ಯಾಕೆ ಒತ್ತಿದೆ ಎಂದು ಕೇಳಿದ್ದಕ್ಕೆ, "ಅಷ್ಟೊತ್ತು ಸುಮ್ನೆ ಕೂತ್ರೆ ಆ ಹುಡ್ಗಿ ಏನಂದ್ಕೊಂಡಾಳು" ಎಂದಳು.

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಡಾಕ್ಟರು, ಮೇಷ್ಟ್ರು, ಬ್ಯಾಂಕಿನವರು, ತಾಲ್ಲೂಕು ಆಫೀಸಿನವರು ಏನಾದರೂ ಕೇಳಿದರೆ ಹೂಂ ಎನ್ನುವುದು ನಮ್ಮ ಊರುಗಳಲ್ಲಿ ಮರ್ಯಾದೆಯ ಲಕ್ಷಣ. ಅರ್ಥವಾಯಿತೇ ಎಂದರೆ ಹೂಂ, ಕಾಣುತ್ತದೆಯೇ ಎಂದರೆ ಹೂಂ. ಇಲ್ಲ ಎಂದರೆ ಎದುರಿನವರ ಶ್ರಮ ವ್ಯರ್ಥವಾದಂತೆ, ತಾನು ದಡ್ಡಿ ಎಂದು ಒಪ್ಪಿಕೊಂಡಂತೆ. ಅದರ ಕೆಳಗೆ ಇನ್ನೊಂದು ಭಯವೂ ಇದೆ. ಕಣ್ಣು ಕಾಣದು ಎಂದು ಒಮ್ಮೆ ಬಾಯಿಬಿಟ್ಟರೆ ಒಲೆ ಮುಂದೆ ಬಿಡುವುದಿಲ್ಲ, ಹಾಲು ಕರೆಯಲು ಬಿಡುವುದಿಲ್ಲ, ಒಬ್ಬಳನ್ನೇ ಹೊಲದ ಕಡೆ ಕಳಿಸುವುದಿಲ್ಲ. ಹೆಂಗಸರಿಗೆ ಮನೆಯಲ್ಲಿ ಇರುವ ಸ್ವಾತಂತ್ರ್ಯವೇ ಕೆಲಸದಲ್ಲಿರುವಾಗ, ಕಾಣದು ಎಂಬ ಮಾತಿಗೆ ಬೆಲೆ ತೆರಬೇಕಾಗುತ್ತದೆ. ಅಂಥವಳನ್ನು ಕತ್ತಲೆಯಲ್ಲಿ ಕೂರಿಸಿ, ಎಪ್ಪತ್ತು ವರ್ಷದ ಅಭ್ಯಾಸವನ್ನು ಮೀರಿ ಕಾಣದ್ದಕ್ಕೆ ಕಾಣದು ಎಂದೇ ಉತ್ತರಿಸು ಎಂದು ನಾವು ಕೇಳುತ್ತಿದ್ದೇವೆ. ಹಾಗೆ ಕೇಳುತ್ತಿದ್ದೇವೆ ಎಂಬುದನ್ನಾದರೂ ಅವಳಿಗೆ ಹೇಳಬೇಡವೇ?

ಮಷೀನಿನವರಿಗೆ ಈ ಸಮಸ್ಯೆ ಗೊತ್ತಿಲ್ಲದೆ ಇಲ್ಲ. ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದ ಹ್ಯಾನ್ಸ್ ಗೋಲ್ಡ್‌ಮನ್ 1945ರಲ್ಲಿ ಬೋಗುಣಿಯ ಆಕಾರದ ಉಪಕರಣ ಮಾಡಿ, ಬೋಗುಣಿಯ ಬೆಳಕು ಎಷ್ಟಿರಬೇಕು, ಚುಕ್ಕಿಯ ಗಾತ್ರ ಎಷ್ಟಿರಬೇಕು ಎಂದು ನಿಗದಿ ಮಾಡಿದರು. ಅದೇ ಅಳತೆ ಇಂದು ಫೀಲ್ಡ್ ಟೆಸ್ಟಿಗೆ ಬಳಸುವ ಹಂಫ್ರಿ ಮಷೀನಿನಲ್ಲೂ ಮುಂದುವರಿದಿದೆ. ಗ್ಲಾಕೋಮಾಕ್ಕೆ ಹೆಚ್ಚಾಗಿ ಮಾಡುವ 24-2 ಎಂಬ ಟೆಸ್ಟಿನಲ್ಲಿ 54 ಜಾಗಗಳನ್ನು ನೋಡುತ್ತಾರೆ. ಒಂದೊಂದು ಚುಕ್ಕಿಯೂ ಒಂದು ಸೆಕೆಂಡಿನ ಐದನೇ ಒಂದು ಭಾಗ ಹೊತ್ತು ಮಿನುಗಿ ಮಾಯವಾಗುತ್ತದೆ. ಕೂತವರು ನಡುವಿನ ಬೆಳಕನ್ನೇ ನೋಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಮಷೀನು ಆಗಾಗ ಕುರುಡು ಬಿಂದುವಿನ ಮೇಲೆ ಬೆಳಕು ಬಿಡುತ್ತದೆ. ಎಲ್ಲರ ಕಣ್ಣಿನಲ್ಲೂ ನರ ಹೊರಗೆ ಹೋಗುವ ಜಾಗದಲ್ಲಿ ಏನೂ ಕಾಣುವುದಿಲ್ಲ. ಅಲ್ಲಿ ಬಿಟ್ಟ ಬೆಳಕಿಗೆ ಬಟನ್ ಒತ್ತಿದರೆ ಕಣ್ಣು ಸರಿದಿದೆ ಎಂದರ್ಥ. ಹಳೆಯ ಕ್ರಮದಲ್ಲಿ, ಬೆಳಕನ್ನೇ ಬಿಡದೆ ಬರೀ ಮಷೀನು ಸರಿದ ಸದ್ದು ಮಾಡಿ, ಸದ್ದಿಗೆ ಒತ್ತುತ್ತಾರೋ ಎಂದು ನೋಡುತ್ತಿದ್ದರು. ಈಗಿನ ಕ್ರಮದಲ್ಲಿ, ಯಾವ ಮನುಷ್ಯನ ಕೈಯೂ ಅಷ್ಟು ಬೇಗ ಒತ್ತಲಾರದು ಎನ್ನುವ ಹೊತ್ತಿನಲ್ಲಿ ಬಂದ ಒತ್ತುಗಳನ್ನು ಸುಳ್ಳು ಎಂದು ಎಣಿಸುತ್ತಾರೆ. ಅದು ಶೇಕಡಾ 15 ದಾಟಿತೆಂದರೆ ಫಲಿತಾಂಶವನ್ನು ನಂಬಬೇಡಿ ಎಂಬ ಎಚ್ಚರಿಕೆ.

ಹಾಗಾಗಿ ತಪ್ಪು ಸಿಕ್ಕಿಬೀಳುತ್ತದೆ. ಆದರೆ ಸಿಕ್ಕಿಬಿದ್ದ ತಪ್ಪನ್ನು ಕೂತವರ ತಲೆಗೆ ಕಟ್ಟುತ್ತೇವೆ. ಅಜ್ಜಿಗೆ ಸರಿಯಾಗಿ ಮಾಡೋಕೆ ಬರಲ್ಲ, ಹಳ್ಳಿಯವರು, ಓದಿಲ್ಲ. ಅಮೆರಿಕದ ಅಯೋವಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅದೇ ಜನ, ಅದೇ ಮಷೀನು. ಬದಲಿಸಿದ್ದು ಸೂಚನೆಯನ್ನು ಮಾತ್ರ. ಖಚಿತವಾಗಿ ಕಂಡರಷ್ಟೇ ಒತ್ತಿ ಎಂದಾಗ ಒಂದು ಅಳತೆ ಬಂತು, ಕಂಡಂತೆ ಅನಿಸಿದರೂ ಒತ್ತಿ ಎಂದಾಗ ಬೇರೆ ಅಳತೆ ಬಂತು. ಓದಿದವರ ನಾಡಿನಲ್ಲೇ ಎರಡು ಮಾತಿನ ವ್ಯತ್ಯಾಸಕ್ಕೆ ಕಣ್ಣಿನ ಅಳತೆ ಬದಲಾಗುವುದಾದರೆ, ನಮ್ಮಲ್ಲಿ ಗಡಿಬಿಡಿಯಲ್ಲಿ ಹೇಳಿದ ಒಂದು ವಾಕ್ಯದ ಮೇಲೆ ಎಷ್ಟು ಕಣ್ಣುಗಳ ತೀರ್ಮಾನ ನಿಂತಿದೆಯೋ.

ಎರಡನೇ ಸಲ ಅವ್ವನನ್ನು ಕೂರಿಸಿದವಳು ಬೇರೆ ಹುಡುಗಿ. ಅವಳ ಕೆಲಸವನ್ನು ಬಾಗಿಲ ಬಳಿ ನಿಂತು ನೋಡಿದೆ. ಮೊದಲು ಕುರ್ಚಿಯನ್ನು ಏರಿಸಿದಳು. ಅವ್ವನ ಬೆನ್ನು ಸ್ವಲ್ಪ ಬಾಗಿದೆ, ಗದ್ದ ಇಡಲು ಕುತ್ತಿಗೆ ಚಾಚಬೇಕಾಗಿತ್ತು. ಎಡಗಣ್ಣಿನ ರೆಪ್ಪೆ ಜೋಲುತ್ತಿರುವುದನ್ನು ಕಂಡು, ಕಣ್ಣು ಮಿಟುಕಿಸಲು ಅಡ್ಡಿಯಾಗದ ಹಾಗೆ ರೆಪ್ಪೆಯನ್ನು ಟೇಪಿನಿಂದ ಮೇಲಕ್ಕೆ ಹಚ್ಚಿದಳು. ಜೋತ ರೆಪ್ಪೆ ಮೇಲಿನ ನೋಟಕ್ಕೆ ಅಡ್ಡ ಬಂದರೆ ಅದೂ ಕಾಗದದಲ್ಲಿ ಕಪ್ಪಾಗಿ ಬಂದು ರೋಗದಂತೆ ಕಾಣುತ್ತದೆ. ಮುಂದಿಟ್ಟ ಗಾಜು ಕಣ್ಣಿಗೆ ತೀರಾ ದೂರವಾಗದಂತೆ ಸರಿಸಿದಳು. ದೂರವಾದರೆ ಗಾಜಿನ ಅಂಚೇ ಸುತ್ತ ಕಪ್ಪು ಉಂಗುರ ಬರೆಯುತ್ತದೆ. ಆಮೇಲೆ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಳು.

"ಅಜ್ಜಿ, ಇದ್ರಲ್ಲಿ ಬರೋ ಲೈಟಲ್ಲಿ ಅರ್ಧ ನನಗೂ ಕಾಣಲ್ಲ, ಡಾಕ್ಟ್ರಿಗೂ ಕಾಣಲ್ಲ. ಮಷೀನೇ ಹಂಗೆ ಮಾಡಿದ್ದಾರೆ. ಕಂಡ್ರೆ ಒತ್ತಿ. ಕಾಣದಿದ್ರೆ ಸುಮ್ನಿರಿ, ಅದೇ ಸರಿ ಉತ್ತರ. ಯಾರೂ ಏನೂ ಅನ್ನಲ್ಲ. ಸುಸ್ತಾದ್ರೆ ಬಟನ್ ಒತ್ತಿ ಹಂಗೇ ಹಿಡ್ಕೊಳ್ಳಿ, ಮಷೀನು ನಿಲ್ತದೆ. ಕಣ್ಣು ಮುಚ್ಚಿ, ಉಸಿರಾಡಿ, ಆಮೇಲೆ ಬಿಡಿ."

ಬಟನ್ ಒತ್ತಿ ಹಿಡಿದರೆ ಮಷೀನು ನಿಲ್ಲುತ್ತದೆ! ಇಷ್ಟು ದೊಡ್ಡ ಅನುಕೂಲವನ್ನು ನಮಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವ್ವನ ಭುಜ ಇಳಿದದ್ದು ನನಗೆ ಹಿಂದಿನಿಂದಲೇ ಕಂಡಿತು. ಹುಡುಗಿ ಒಂದು ನಿಮಿಷ ತಾಲೀಮು ಮಾಡಿಸಿ, ಆಮೇಲೆ ನಿಜದ ಟೆಸ್ಟ್ ಶುರು ಮಾಡಿದಳು. ನಡುನಡುವೆ ಮೆಲ್ಲಗೆ "ಚೆನ್ನಾಗಿ ಮಾಡ್ತಿದೀರ, ನಡುವಿನ ಲೈಟೇ ನೋಡ್ತಿರಿ" ಎನ್ನುತ್ತಿದ್ದಳು. ಒಟ್ಟು ಹೆಚ್ಚಾಗಿ ಹಿಡಿದದ್ದು ಐದು ನಿಮಿಷವಿರಬಹುದು.

ಈ ಸಲದ ಕಾಗದದಲ್ಲಿ ಎಡಗಣ್ಣಿನ ಮೇಲ್ಭಾಗದಲ್ಲಿ, ಕುರುಡು ಬಿಂದುವಿನಿಂದ ಹೊರಟು ನಡುವನ್ನು ಬಳಸಿಕೊಂಡು ಮೂಗಿನ ಕಡೆಗೆ ಬಾಗಿ ಬಂದ ಒಂದು ಕಪ್ಪು ಕಮಾನು ಇತ್ತು. ಅಡ್ಡಗೆರೆಯ ಬಳಿ ಅದು ಕತ್ತರಿಸಿದಂತೆ ನಿಂತಿತ್ತು, ಕೆಳಗೆ ಒಂದಿಷ್ಟೂ ಇಳಿದಿರಲಿಲ್ಲ. ಕಣ್ಣಿನ ಒಳಪದರದಲ್ಲಿ ನರದ ಎಳೆಗಳು ನಡುವನ್ನು ಬಳಸಿ ಕಮಾನಿನಂತೆಯೇ ಬಾಗಿ ಬರುತ್ತವೆ. ಮೇಲಿನವು ಮೇಲೆಯೇ, ಕೆಳಗಿನವು ಕೆಳಗೆಯೇ. ಎಳೆ ಒಣಗಿದ ದಾರಿಯೇ ನೋಟದಲ್ಲಿ ತಲೆಕೆಳಗಾಗಿ ಮೂಡುತ್ತದೆ. ಈ ಕಮಾನನ್ನು ವಿವರಿಸಿ ಹೆಸರಾದವರು ಡೆನ್ಮಾರ್ಕಿನ ಯಾನಿಕ್ ಬ್ಯೆರುಮ್, 1889ರಲ್ಲಿ. ಅವರಲ್ಲಿ ಇಂದಿನ ಯಂತ್ರ ಇರಲಿಲ್ಲ; ತಮ್ಮ ಕೋಣೆಯ ಬಾಗಿಲ ಹಿಂಬದಿಯನ್ನೇ ಪರದೆ ಮಾಡಿಕೊಂಡು, ಅದರ ಮೇಲೆ ಸಣ್ಣ ಬಿಳಿ ಗುರುತನ್ನು ಸರಿಸುತ್ತಾ ರೋಗಿಯನ್ನು ಕೇಳುತ್ತಿದ್ದರು. ಎಲ್ಲಿ ಮಾಯವಾಯಿತು, ಎಲ್ಲಿ ಮತ್ತೆ ಬಂತು ಎಂದು ರೋಗಿ ಹೇಳಬೇಕು, ಅವರು ಕೇಳಬೇಕು. ಇಷ್ಟು ವರ್ಷದಲ್ಲಿ ಬಾಗಿಲು ಹೋಗಿ ಬೋಗುಣಿ ಬಂತು, ಕಂಪ್ಯೂಟರ್ ಬಂತು. ಕೇಳುವವರು, ಹೇಳುವವರು ಎಂಬ ಏರ್ಪಾಡು ಮಾತ್ರ ಹಾಗೇ ಇದೆ. ರಕ್ತ ಪರೀಕ್ಷೆಗೆ ಬೆರಳು ಚಾಚಿದರೆ ಸಾಕು, ಎಕ್ಸ್‌ರೇಗೆ ನಿಂತರೆ ಸಾಕು. ಈ ಟೆಸ್ಟಿಗೆ ಮನುಷ್ಯ ಸಾಕ್ಷಿ ಹೇಳಬೇಕು.

ಅದೂ ತನಗೇ ಗೊತ್ತಿಲ್ಲದ ವಿಷಯಕ್ಕೆ. ಅವ್ವನಿಗೆ ಆ ಕಪ್ಪು ಕಮಾನು ಎಂದೂ ಕಂಡಿರಲಿಲ್ಲ. ಗ್ಲಾಕೋಮಾ ಎಂದರೆ ಸುತ್ತ ಕತ್ತಲೆ, ನಡುವೆ ಸುರಂಗದಂತೆ ಬೆಳಕು ಎಂದು ಗೋಡೆಯ ಪೋಸ್ಟರುಗಳಲ್ಲಿ ಬರೆದಿರುತ್ತಾರೆ. ಲಂಡನ್ನಿನಲ್ಲಿ ಡೇವಿಡ್ ಕ್ರ್ಯಾಬ್ ಮತ್ತು ಜೊತೆಯವರು 50 ಮಂದಿ ರೋಗಿಗಳಿಗೆ ಅಂಥ ಚಿತ್ರಗಳನ್ನು ತೋರಿಸಿ, ನಿಮಗೆ ಕಾಣುವುದು ಇವುಗಳಲ್ಲಿ ಯಾವುದು ಎಂದು ಕೇಳಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಪ್ಪು ಸುರಂಗವನ್ನು ಒಬ್ಬರೂ ಆರಿಸಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಲ್ಲಿ ಮಸುಕು ಎಂದರು, ಕೆಲವರು ಅಲ್ಲಲ್ಲಿ ಏನೋ ಇಲ್ಲದಂತಿದೆ ಎಂದರು, ಕಾಲು ಭಾಗದಷ್ಟು ಮಂದಿಗೆ ತಮ್ಮ ನೋಟದಲ್ಲಿ ಕೊರತೆ ಇದೆ ಎಂಬುದೇ ತಿಳಿದಿರಲಿಲ್ಲ. ಕಾಣದ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ, ಇನ್ನೊಂದು ಕಣ್ಣು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಪೋಸ್ಟರಿನ ಸುರಂಗವನ್ನು ಕಾಯುತ್ತಾ ಕೂತರೆ ಕಣ್ಣು ಹೋಗುವವರೆಗೂ ಕಾಯಬೇಕಾಗುತ್ತದೆ. ಭಾರತದಲ್ಲಿ ಗ್ಲಾಕೋಮಾ ಇರುವವರು ಕೋಟಿಗೂ ಮೇಲೆ ಎಂಬುದು ಅಂದಾಜು; ಚೆನ್ನೈ ಮತ್ತು ಮಧುರೈ ಕಡೆಯ ಸಮೀಕ್ಷೆಗಳಲ್ಲಿ ಸಿಕ್ಕಿದ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ತಮಗೆ ರೋಗವಿದೆ ಎಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ನಮ್ಮ ನಾಡಿಗೆ ಕಣ್ಣಿನ ರೋಗ ಎಂದರೆ ಪೊರೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಲಕ್ಷಾಂತರ ಜನರ ಪೊರೆ ತೆಗೆದರು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮುಖ್ಯ ಗುರಿಯೂ ಪೊರೆಯೇ ಆಗಿತ್ತು. ಅದು ದೊಡ್ಡ ಪುಣ್ಯದ ಕೆಲಸ, ಅದರಿಂದ ಬೆಳಕು ಕಂಡ ಮನೆಗಳು ನಮ್ಮ ಸುತ್ತಲೇ ಇವೆ. ಅದರ ಜೊತೆಗೆ ಒಂದು ನಿರೀಕ್ಷೆಯೂ ಜನರಲ್ಲಿ ಬೇರೂರಿತು: ಕಣ್ಣಾಸ್ಪತ್ರೆಗೆ ಹೋದರೆ ಪಟ್ಟಿ ಬಿಚ್ಚಿದ ಮೇಲೆ ಮುಂಚೆಗಿಂತ ಚೆನ್ನಾಗಿ ಕಾಣಬೇಕು. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ. ದಿನಾ ಡ್ರಾಪ್ಸ್ ಹಾಕಿದರೂ ಹಾಕಿದವರಿಗೆ ಯಾವ ವ್ಯತ್ಯಾಸವೂ ತಿಳಿಯದು, ಉರಿಯೊಂದು ತಿಳಿದೀತು. ಚಿಕಿತ್ಸೆ ಫಲಿಸಿದೆ ಎಂದರೆ ಏನೂ ಬದಲಾಗಿಲ್ಲ ಎಂದು. ಏನೂ ಬದಲಾಗಿಲ್ಲ ಎಂಬುದಕ್ಕೆ ಅವ್ವನ ಕೈಯಲ್ಲಿ ಇರುವ ಪುರಾವೆ ಆ ಕಾಗದ ಒಂದೇ. ಅದನ್ನು ನಾವು ಅವಳಿಗೆ ತೋರಿಸದೆ ನೇರ ಫೈಲಿಗೆ ಹಾಕುತ್ತೇವೆ. ಕಳೆದ ವರ್ಷದ ಕಮಾನು, ಈ ವರ್ಷದ ಕಮಾನು ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳು ಹಿಡಿದು ತೋರಿಸಿದರೆ ಓದು ಬಾರದವರಿಗೂ ಅರ್ಥವಾಗುತ್ತದೆ. ಅವ್ವನಿಗೆ ಅರ್ಥವಾಯಿತು. ರಾತ್ರಿಯ ಡ್ರಾಪ್ಸನ್ನು ಅವಳು ತಾನಾಗಿ ಕೇಳತೊಡಗಿದ್ದು ಆಮೇಲೆಯೇ.

ಒಂದೇ ಕಾಗದವನ್ನು ಅತಿಯಾಗಿ ನಂಬುವುದೂ ತಪ್ಪು. ಹಾಲಿನ ಡೇರಿಯ ಲೆಕ್ಕ ಬಲ್ಲ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಹಾಲಿನ ಫ್ಯಾಟ್ ಒಂದು ಬರುತ್ತದೆ, ಸಂಜೆಯದು ಇನ್ನೊಂದು. ಒಂದು ಹೊತ್ತಿನ ಅಂಕಿ ನೋಡಿ ಯಾರೂ ಹಸು ಮಾರುವುದಿಲ್ಲ. ಅಮೆರಿಕದಲ್ಲಿ ಕಣ್ಣಿನ ಒತ್ತಡ ಹೆಚ್ಚಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಮೊದಲ ಸಲ ಕೆಟ್ಟದ್ದೆಂದು ಬಂದ ಫೀಲ್ಡುಗಳ ಪೈಕಿ ನೂರಕ್ಕೆ ಸುಮಾರು 86 ಮರುಪರೀಕ್ಷೆಯಲ್ಲಿ ಖಚಿತವಾಗಲಿಲ್ಲ. ರೋಗ ಬೆಳೆಯುವ ವೇಗ ತಿಳಿಯಲು ಮೊದಲ ಎರಡು ವರ್ಷದಲ್ಲಿ ಆರು ಟೆಸ್ಟ್ ಬೇಕು ಎಂಬುದು 2008ರಲ್ಲಿ ತಜ್ಞರು ಮುಂದಿಟ್ಟ ಸಲಹೆ.

ಎರಡು ವರ್ಷದಲ್ಲಿ ಆರು! ಶಾಂತಿಗ್ರಾಮ ಹಾಸನಕ್ಕೆ ಹತ್ತಿರ, ಬಸ್ಸಿಗೆ ಕೊರತೆಯಿಲ್ಲ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅವ್ವನಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಅರಕಲಗೂಡಿನ ಒಳಹಳ್ಳಿಯ ಮುದುಕರಿಗೆ ಹಾಗಲ್ಲ. ಜೊತೆಗೊಬ್ಬರು ಬರಬೇಕು, ಬಂದವರ ಒಂದು ದಿನದ ಕೂಲಿ ಹೋಗುತ್ತದೆ, ಗಂಡಸರಾದರೆ ಬಸ್ ಚಾರ್ಜೂ ಉಂಟು. ಇಲ್ಲಿ ನನಗೆ ಬಹಳ ಉಪಯುಕ್ತ ಎನಿಸಿದ್ದು ಲಂಡನ್ನಿನ ಸಂಶೋಧಕರು 2012ರಲ್ಲಿ ತೋರಿಸಿದ ಒಂದು ಲೆಕ್ಕ. ಆರೂ ಟೆಸ್ಟನ್ನು ಸಮ ಅಂತರದಲ್ಲಿ ಹಂಚುವ ಬದಲು, ಶುರುವಿನಲ್ಲಿ ಒಂದು ಗುಂಪು, ಅವಧಿಯ ಕೊನೆಯಲ್ಲಿ ಒಂದು ಗುಂಪು ಎಂದು ಮಾಡಿದರೆ ರೋಗ ಬೆಳೆಯುತ್ತಿರುವುದು ಹೆಚ್ಚು ಚೆನ್ನಾಗಿ ಸಿಕ್ಕುತ್ತದೆ. ದೂರದಿಂದ ಬರುವವರಿಗೆ ಇದಕ್ಕಿಂತ ಅನುಕೂಲ ಬೇರೆ ಏನಿದೆ? ಬಂದ ದಿನವೇ, ನಡುವೆ ಊಟ ಮಾಡಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಎರಡು ಸಲ ಮಾಡಿ ಕಳಿಸಬಹುದು. ಸ್ವೀಡನ್ನಿನ ಮಾಲ್ಮೋದಲ್ಲಿ 1990ರ ದಶಕದಲ್ಲಿ ರೂಪಿಸಿದ ಸೀಟಾ ಎಂಬ ಲೆಕ್ಕದ ಕ್ರಮ ಟೆಸ್ಟಿನ ಹೊತ್ತನ್ನು ಅರ್ಧಕ್ಕೆ ಇಳಿಸಿತು. ಅದರ ಹೊಸ ರೂಪದಲ್ಲಿ ಒಂದು ಕಣ್ಣಿಗೆ ಎರಡು ಮೂರು ನಿಮಿಷ ಸಾಕು. ಉಳಿದ ನಿಮಿಷಗಳನ್ನು ಇನ್ನೊಬ್ಬ ರೋಗಿಯನ್ನು ತುರುಕಲು ಬಳಸದೆ, ಅದೇ ರೋಗಿಗೆ ವಿವರಿಸಲು, ಮತ್ತೊಮ್ಮೆ ಮಾಡಲು ಬಳಸಿದರೆ ಆ ಸಂಶೋಧನೆಗೆ ಸಾರ್ಥಕತೆ.

ಗ್ಲಾಕೋಮಾ ರಕ್ತಸಂಬಂಧದಲ್ಲಿ ಹರಿಯುವ ರೋಗ. ತಂದೆ ತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ನಮಗೆ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ನಾನೂ ಆ ಕುರ್ಚಿಯಲ್ಲಿ ಕೂತೆ. ಎಲ್ಲ ಗೊತ್ತಿದ್ದೂ ಕೂತೆ. ಸ್ವಲ್ಪ ಹೊತ್ತಿಗೆ ಬೋಗುಣಿಯ ಬಿಳಿ ಬೂದಾಗಿ, ಆಮೇಲೆ ಇಡೀ ನೋಟವೇ ಕತ್ತಲಾದಂತಾಯಿತು. ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣು ಒಂದೇ ಬೆಳಕನ್ನು ನೋಡುತ್ತಿದ್ದರೆ ಹಾಗಾಗುತ್ತದೆ, ಕಣ್ಣು ಮಿಟುಕಿಸಿದರೆ ಸರಿಹೋಗುತ್ತದೆ. ಗೊತ್ತಿಲ್ಲದವರು ಕಣ್ಣೇ ಹೋಯಿತು ಎಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅರ್ಧ ಚುಕ್ಕಿ ಕಾಣುವುದಿಲ್ಲ ಎಂಬುದು ಬಾಯಿಪಾಠವಾಗಿದ್ದರೂ ಬೆರಳು ತುಡಿಯುತ್ತಲೇ ಇತ್ತು. ಚುಕ್ಕಿ ಕಂಡಿತೋ, ಕಾಣಬೇಕೆಂಬ ಆಸೆ ಕಂಡಿತೋ ಎಂದು ಬೇರ್ಪಡಿಸುವುದು ಎಷ್ಟು ಕಷ್ಟ ಎಂದು ಅಲ್ಲಿ ಕೂತಾಗಲೇ ನನಗೆ ತಿಳಿದದ್ದು. ಈ ಕೆಲಸ ಮಾಡಿಸುವ ಪ್ರತಿ ತಂತ್ರಜ್ಞರೂ, ಬರೆದುಕೊಡುವ ಪ್ರತಿ ಡಾಕ್ಟರೂ ವರ್ಷಕ್ಕೊಮ್ಮೆ ತಾವೇ ಕೂತು ಪೂರ್ತಿ ಟೆಸ್ಟ್ ಮಾಡಿಸಿಕೊಳ್ಳಬೇಕು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ.

ಹೊಸ ಉಪಕರಣಗಳಿಂದ ನನಗೆ ಆಸೆಯಿದೆ. ತಲೆಗೆ ಕಟ್ಟಿಕೊಳ್ಳುವ ಕನ್ನಡಕದಂಥ ಸಾಧನಗಳು ಬಂದಿವೆ. ಚೆನ್ನೈನ ಎಲಿಸಾರ್ ಕಂಪನಿಯ ಎ.ವಿ.ಎ. ಎಂಬ ಸಾಧನವನ್ನು ಹಂಫ್ರಿ ಮಷೀನಿಗೆ ಹೋಲಿಸಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟ್ಯಾಬ್ಲೆಟ್ ಮೇಲೆಯೇ ಮಾಡುವ ಟೆಸ್ಟ್ ರೂಪಿಸಿದ್ದಾರೆ. ಇವಕ್ಕೆ ಕತ್ತಲೆ ಕೋಣೆ ಬೇಡ, ಬಾಗಿದ ಬೆನ್ನಿನವರು ಗದ್ದ ಚಾಚಿ ಕೂರಬೇಕಾಗಿಲ್ಲ, ಹೋಬಳಿಯ ಆಸ್ಪತ್ರೆಗೂ ಒಯ್ಯಬಹುದು. ಹಳ್ಳಿಗೆ ಉಪಕರಣ ಒಯ್ಯುವ ದಾರಿಯನ್ನು ಕರ್ನಾಟಕ ಆಗಲೇ ತೋರಿಸಿದೆ: ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್ರಾಪ್ ಕಾರ್ಯಕ್ರಮದಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ, ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸಿದರು. ಕೂಸು ಏನೂ ಹೇಳಬೇಕಾಗಿಲ್ಲ, ಚಿತ್ರ ಸರಿಯಾಗಿ ಬಂದರೆ ಆಯಿತು. ಫೀಲ್ಡ್ ಟೆಸ್ಟನ್ನು ಹಾಗೆ ಒಯ್ಯುವಾಗ ಮಾತು ಬಲ್ಲವರನ್ನೂ ಒಯ್ಯಬೇಕು. ಸಾಧನದ ಒಳಗಿನ ಧ್ವನಿ ಕನ್ನಡದಲ್ಲಿರಬೇಕು, ಅದೂ ಪುಸ್ತಕದ ಕನ್ನಡವಾಗದೆ, ಅರ್ಧ ಲೈಟು ಯಾರಿಗೂ ಕಾಣಲ್ಲ ಅಜ್ಜಿ ಎನ್ನುವ ಕನ್ನಡವಾಗಿರಬೇಕು. ಇಲ್ಲದಿದ್ದರೆ ಹಳೆಯ ಗಡಿಬಿಡಿಯೇ ಹೊಸ ಪೆಟ್ಟಿಗೆಯಲ್ಲಿ ಊರಿಗೆ ಬರುತ್ತದೆ.

ನರದ ದಪ್ಪವನ್ನೇ ಅಳೆಯುವ ಒಸಿಟಿ ಸ್ಕ್ಯಾನ್ ಇರುವಾಗ ಈ ತಾಪತ್ರಯವೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಶುರುವಿನ ಹಂತದಲ್ಲಿ ಅದು ತುಂಬಾ ಉಪಯೋಗಿ. ಆದರೆ ರೋಗ ಮುಂದುವರಿದ ಮೇಲೆ ಸ್ಕ್ಯಾನಿನ ಅಳತೆ ತಳ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಉಳಿದ ನೋಟ ಇನ್ನೂ ಕರಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಫೀಲ್ಡ್ ಟೆಸ್ಟೇ ಗತಿ. ಆಗ 24-2 ಸಾಲದೆ, ನಡುವಿನ ಭಾಗವನ್ನು ಎರಡೆರಡು ಡಿಗ್ರಿಗೆ ಒಂದರಂತೆ 68 ಕಡೆ ನೋಡುವ 10-2 ಬೇಕಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಮೊಮ್ಮಕ್ಕಳ ಮುಖ ಗುರುತಿಸುವುದು ಆ ನಡುಭಾಗದ ಕೆಲಸ. ಅಲ್ಲಿ ಎಷ್ಟು ಉಳಿದಿದೆ ಎಂದು ಹೇಳಬಲ್ಲವರು ಕುರ್ಚಿಯಲ್ಲಿ ಕೂತವರು ಮಾತ್ರ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವ ಮಾತು ಅವ್ವನ ತಮ್ಮನದು. ಅರಕಲಗೂಡಿನ ಕಡೆ ಇರುವ ಸೋದರಮಾವ ಟೆಸ್ಟಿಗೆ ಬರಲು ಒಪ್ಪುತ್ತಿರಲಿಲ್ಲ, "ನಂಗೆಲ್ಲಾ ಕಾಣ್ತದೆ ಕಣಕ್ಕ" ಎನ್ನುತ್ತಿದ್ದರು. ಅವ್ವ ತನ್ನ ಮೊದಲ ಎರಡು ಕಾಗದಗಳನ್ನು ಅವರ ಮುಂದೆ ಹರಡಿ, ಮೊದಲನೆಯದರ ಬಿಳಿಯನ್ನೂ ಎರಡನೆಯದರ ಕಮಾನನ್ನೂ ತೋರಿಸಿ, ನಂಗೂ ಎಲ್ಲಾ ಕಾಣ್ತಿತ್ತು ಎಂದಳು. ಶುಂಠಿ ಕಿತ್ತ ಮೇಲೆ ಬರುತ್ತೇನೆ ಎಂದಿದ್ದಾರೆ. ಬಂದಾಗ ಎರಡು ದಿನ ಉಳಿಸಿಕೊಳ್ಳುತ್ತೇವೆ, ಮೊದಲ ದಿನದ ಟೆಸ್ಟ್ ಕೈ ಪಳಗಲು, ಎರಡನೇ ದಿನದ್ದು ಲೆಕ್ಕಕ್ಕೆ. ಕುರ್ಚಿ ಏರಿಸಲು ಹೇಳಬೇಕು ಎಂದು ಅವ್ವ ಈಗಲೇ ನೆನಪಿಸುತ್ತಿದ್ದಾಳೆ. ಮಾವನಿಗೂ ಬೆನ್ನು ಬಾಗಿದೆ.